ಮಂದಶ್ರವಣವೂ ಸಂಗೀತಾಸ್ವಾದವೂ

ಶ್ರವಣಶಕ್ತಿ ಭಾಗಶಃ ಕುಂದಿದವರಿಗೆ ಸಂಗೀತಸುಖವು ದುರ್ಲಭವೆಂಬುದು ಸಾಮಾನ್ಯವಾದ ನಂಬಿಕೆ. ಕುಂದಿದಷ್ಟನ್ನು ಧ್ವನಿಯೇರಿಸಿ ತುಂಬಿಕೊಳ್ಳಬಹುದೆಂಬುದು ಅಷ್ಟೇ ಪ್ರಚಲಿತವಾದ ಇನ್ನೊಂದು ನಂಬಿಕೆ. ಇವೆರಡೂ ವಿಚಾರಕ್ಕೆ ನಿಲ್ಲತಕ್ಕವಲ್ಲ. ಹೆಡ್‌ಫೋನು ಇಂಥವರಿಗೆ ಎಷ್ಟರಮಟ್ಟಿಗೆ ನೆರವಾಗಬಲ್ಲುದು, ಎಲ್ಲಿ ಅಪಾಯಕರವಾದೀತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಈ ಸಮಸ್ಯೆ ಹೊಸದಲ್ಲ. 1877ರಲ್ಲಿ ಫೋನೊಗ್ರಾಫನ್ನು ನಿರ್ಮಿಸಿದ ಥಾಮಸ್ ಆಲ್ವ ಎಡಿಸನ್ನನೇ ಬಾಲ್ಯದಿಂದ ಮಂದಶ್ರವಣನಾಗಿದ್ದನು. ಯಂತ್ರದ ಮರದ ಭಾಗವನ್ನು ಹಲ್ಲಿನಿಂದ ಕಚ್ಚಿ ಹಿಡಿದು, ತಲೆಯ ಎಲುಬಿನ ಮೂಲಕ ಹಾಯುವ ಕಂಪನಗಳಿಂದ ಅವನು ಸಂಗೀತವನ್ನು ಆಲಿಸುತ್ತಿದ್ದನು. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೇರನು ಒಪೆರಾ ಮಂದಿರದ ಗಾಯನವನ್ನು ತಂತಿಗಳ ಮೂಲಕ ತಂದು, ಕೇಳುವವರ ಒಂದೊಂದು ಕಿವಿಗೂ ಪ್ರತ್ಯೇಕವಾದ ರಿಸೀವರನ್ನು ಒದಗಿಸಿದನು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಸ್ಟೀರಿಯೊ ಸಂಗೀತಕ್ಕೆಂದೇ ಹೆಡ್‌ಫೋನನ್ನು ಹೊರತಂದನು. ಎರಡು ಕಿವಿಗಳಿಗೆ ಎರಡು ಧ್ವನಿಗಳೆಂಬ ಈ ತತ್ತ್ವವೇ ಮುಂದೆ ನಾವು ಹೇಳಲಿರುವ ತೊಡಕಿಗೂ ಮೂಲವಾಗಿದೆ.

ಶ್ರವಣನಷ್ಟವು ಮುಖ್ಯವಾಗಿ ಎರಡು ಬಗೆ. ಹೊರಗಿವಿ ಅಥವಾ ನಡುಗಿವಿಯಲ್ಲಿ ಅಡಚಣೆಯುಂಟಾದರೆ ಧ್ವನಿ ಒಳಗಿವಿಗೆ ಸಾಕಷ್ಟು ತಲುಪದು. ಅಂಥವರಿಗೆ ಎಲುಬಿನ ಮೂಲಕ ಕಂಪನವನ್ನೊಯ್ಯುವ ಹೆಡ್‌ಫೋನು ಉಪಯುಕ್ತ. ಎಡಿಸನ್ನನ ಉಪಾಯದ ಪರಿಷ್ಕೃತ ರೂಪವೇ ಅದು. ಎರಡನೆಯ ಬಗೆಯಲ್ಲಿ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಶಿಸಿರುತ್ತವೆ. ಮನುಷ್ಯನಲ್ಲಿ ಇವು ಮರಳಿ ಹುಟ್ಟುವುದಿಲ್ಲ. ವಯಸ್ಸಿನಿಂದಲೂ ಗದ್ದಲದಿಂದಲೂ ಸಾಮಾನ್ಯವಾಗಿ ಮೊದಲು ಕುಂದುವುದು ಉಚ್ಚಸ್ವರಗಳ ಗ್ರಹಣಶಕ್ತಿ. ಆಗ ಮೃದಂಗದ ನಾದ ತುಂಬಿಬಂದರೂ ಪಿಟೀಲಿನ ಕಾಂತಿ ಮಸುಳುತ್ತದೆ. ಕೃತಿಯ ಸಾಹಿತ್ಯದಲ್ಲಿ ಸಕಾರ ಶಕಾರಗಳು ಅಸ್ಪಷ್ಟವಾಗುತ್ತವೆ. ಇಲ್ಲಿ ಬೇಕಾದುದು ಒಟ್ಟು ಧ್ವನಿಯ ಏರಿಕೆಯಲ್ಲ, ಕುಂದಿದ ಸ್ವರಗಳನ್ನು ಮಾತ್ರ ಮಿತವಾಗಿ ಎತ್ತಿಕೊಡುವ ಹೊಂದಾಣಿಕೆ.

ಒಂದೇ ಕಿವಿ ಮಂದವಾದವರ ಕಷ್ಟ ಬೇರೆ. ಕೋಣೆಯಲ್ಲಿ ಧ್ವನಿವರ್ಧಕದಿಂದ ಕೇಳುವಾಗ ಎರಡು ಪಕ್ಕದ ಧ್ವನಿಗಳೂ ಬೆರೆತು ನೆಟ್ಟಗಿರುವ ಕಿವಿಯನ್ನು ಸೇರುತ್ತವೆ. ಹೆಡ್‌ಫೋನಿನಲ್ಲಿ ಎಡದ ಧ್ವನಿ ಎಡಗಿವಿಗೇ ಮೀಸಲು. ಎಡಗಿವಿ ಮಂದವಾಗಿರುವ ನಾವು ಒಮ್ಮೆ ಕಚೇರಿಯೊಂದರ ಮುದ್ರಣವನ್ನು ಹೀಗೆ ಕೇಳಿ, ಪಿಟೀಲು ವಿದ್ವಾಂಸರು ಏಕೋ ಉತ್ಸಾಹ ತೋರಲಿಲ್ಲವೆಂದು ಮಿತ್ರರೊಡನೆ ಆಡಿದೆವು. ಅವರ ಸಲಹೆಯಂತೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡಾಗ, ಪ್ರತಿ ಸಂಗತಿಯನ್ನೂ ನೆರಳಿನಂತೆ ಅನುಸರಿಸಿದ್ದ ಆ ವಾದನ ಕಿವಿಗೆ ಬಿತ್ತು. ಆಕರದಲ್ಲಿ ಕಾಣದ್ದು ನಡೆದೇ ಇಲ್ಲವೆಂದು ತೀರ್ಮಾನಿಸಬಾರದೆಂದು ತರಗತಿಯಲ್ಲಿ ಬೋಧಿಸುವವರು ನಾವು! ಪರಿಹಾರ ಸುಲಭವಾಗಿಯೇ ಇತ್ತು. ಈಗಿನ ಬಹುಪಾಲು ಫೋನುಗಳಲ್ಲಿ ಎರಡು ಧ್ವನಿಗಳನ್ನೂ ಕೂಡಿಸಿ ಎರಡು ಕಿವಿಗೂ ಒಂದೇ ಸಮನೆ ಕಳುಹಿಸುವ 'ಮೋನೊ' ಏರ್ಪಾಡುಂಟು. ಇದರಿಂದ ವಾದ್ಯಗಳ ದಿಕ್ಕಿನ ಭಾವನೆ ಹೋಗುತ್ತದೆ, ಆದರೆ ಸಂಗೀತ ಇಡಿಯಾಗಿ ಉಳಿಯುತ್ತದೆ.

ಇನ್ನು ಎಚ್ಚರಿಕೆಯ ಮಾತು. ಒಳಗಿವಿಯ ನಷ್ಟವುಳ್ಳವರಲ್ಲಿ ಅನೇಕರಿಗೆ ಮೆಲುದನಿ ಕೇಳಿಸದು. ತುಸು ಏರಿಸಿದೊಡನೆ ಅದೇ ಅಸಹನೀಯವಾಗುತ್ತದೆ. ಸಹಿಸಬಲ್ಲವರೂ ನಿಶ್ಚಿಂತರಾಗಿರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ವಾರಕ್ಕೆ 80 ಡೆಸಿಬೆಲ್ ಮಟ್ಟದಲ್ಲಿ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೂ ಈ ಅವಧಿ ಅರ್ಧವಾಗುತ್ತದೆ. 90 ಡೆಸಿಬೆಲ್ ಮಟ್ಟದಲ್ಲಿ ಉಳಿಯುವುದು ಸುಮಾರು 4 ಗಂಟೆ ಮಾತ್ರ. ಹೊರಗಿನ ಗದ್ದಲವನ್ನು ತಡೆಯುವ ಹೆಡ್‌ಫೋನು ಇಲ್ಲಿ ಹಿತಕರ, ಏಕೆಂದರೆ ಬಸ್ಸಿನ ಸದ್ದನ್ನು ಮೀರಿಸಲೆಂದು ಧ್ವನಿಯೇರಿಸುವ ಪ್ರಮೇಯ ತಪ್ಪುತ್ತದೆ.

ಆದುದರಿಂದ ಉಪಕರಣವನ್ನು ಕೊಳ್ಳುವುದಕ್ಕೆ ಮುನ್ನ ನಷ್ಟದ ಸ್ವರೂಪವನ್ನು ತಿಳಿಯಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಶ್ರವಣಪರೀಕ್ಷೆ ನಡೆಯುತ್ತದೆ. ಕನ್ನಡಕಕ್ಕೆ ಸಂಕೋಚಪಡದ ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಕಿವಿಯ ಪರೀಕ್ಷೆಗೆ ಹಿಂಜರಿಯಬೇಕಾದುದಿಲ್ಲ. ಹೋದುದನ್ನು ಹೆಡ್‌ಫೋನು ತಂದುಕೊಡಲಾರದು. ಉಳಿದುದಕ್ಕೆ ಸಂಗೀತವನ್ನು ಹೊಂದಿಸಿಕೊಡಬಲ್ಲುದು. ಉಳಿದುದನ್ನು ಕಾಪಾಡಿಕೊಳ್ಳುವ ಹೊಣೆ ಕೇಳುವವರದೇ.