ಮೇಸ್ತ್ರಿ ಎಂಬ ಮಾತು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟಗಳಲ್ಲಿ ಪಂಪು ಕೆಟ್ಟರೆ ಹಿರಿಯರು "ಮೇಸ್ತ್ರಿಗೆ ಹೇಳಿ ಕಳಿಸಿ" ಎನ್ನುತ್ತಿದ್ದರು. ಈಗ ಮೆಕ್ಯಾನಿಕ್ ಎನ್ನುತ್ತೇವೆ. ಮೇಸ್ತ್ರಿ ಎಂಬ ಮಾತು ಬಂದದ್ದು ಪೋರ್ತುಗೀಸರ 'ಮೆಸ್ತ್ರೆ'ಯಿಂದ. ಶಾಲೆಯ ಮೇಷ್ಟ್ರು ಇಂಗ್ಲಿಷಿನ 'ಮಾಸ್ಟರ್'ನಿಂದ. ಎರಡಕ್ಕೂ ಮೂಲ ಒಂದೇ ಲ್ಯಾಟಿನ್ ಪದ. ಎಂದರೆ ಮೇಸ್ತ್ರಿ ರಿಪೇರಿ ಮಾಡುವವನಷ್ಟೇ ಅಲ್ಲ, ಕಲಿಸುವವನೂ ಹೌದು.

ಇದು ನಮಗೆ ಮನದಟ್ಟಾದದ್ದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ಎರಡನೆಯ ಔಷಧಿಯ ಹೊತ್ತಿಗೆ ಮಳೆ ಎರಡು ದಿನ ಹೊಳವಾಯಿತು. ಕೊನೆಗೌಡ ಬಂದಿದ್ದ, ಬೋರ್ಡೋ ದ್ರಾವಣ ಸಿದ್ಧವಿತ್ತು. ಪಂಪಿನಲ್ಲಿ ಒತ್ತಡವೇ ಏರಲಿಲ್ಲ. ಪೇಟೆಯ ಅಂಗಡಿಯವರು "ಹೊಸ ಭಾಗ ಬರಬೇಕು, ಎಂಟು ದಿನ" ಎಂದರು. ದ್ರಾವಣ ಅಂದೇ ಬಳಸಬೇಕಾದದ್ದು, ಚೆಲ್ಲಿದೆವು. ಮೂರನೆಯ ದಿನ ಮಳೆ ಹಿಡಿಯಿತು.

ಆಮೇಲೆ ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರನ್ನು ಕರೆತಂದೆವು. ಅವರು ವಾಲ್ವ್ ಬಿಚ್ಚಿ, ಸಿಕ್ಕಿಕೊಂಡಿದ್ದ ಸುಣ್ಣದ ಹರಳು ತೆಗೆದರು. ಅರ್ಧ ಗಂಟೆಯ ಕೆಲಸ. "ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ, ಕೆಲಸ ಮುಗಿದ ಮೇಲೆ ಬರೀ ನೀರು ಹೊಡೆದು ಪಂಪು ತೊಳೆಯಿರಿ ಸ್ವಾಮಿ" ಎಂದರು. ಅಷ್ಟರಲ್ಲಿ ತಗ್ಗಿನ ತೋಟದಲ್ಲಿ ಕೊಳೆ ಬಿದ್ದಿತ್ತು. ಬೋರ್ಡೋ ರೋಗ ತಡೆಯುತ್ತದೆಯೇ ಹೊರತು ಕೊಳೆತ ಕಾಯಿಯನ್ನು ಉಳಿಸಲಾರದು.

ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಅವರ ಕೊಳೆರೋಗದ ಪುಸ್ತಿಕೆ 1910ರಲ್ಲೇ ಬಂತು. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬುದು ಇಂದು ಮನೆಮನೆಗೂ ಗೊತ್ತು. ಮದ್ದು ಕಲಿತ ನಾವು, ಅದನ್ನು ಗೊನೆಗೆ ಮುಟ್ಟಿಸುವ ಯಂತ್ರವನ್ನು ಮಾತ್ರ ಕಲಿಯಲಿಲ್ಲ.

ಈಗ ಸುಲಿಯುವ ಯಂತ್ರವೂ ಬಂದಿದೆ. ಗೊನೆ ಇಳಿಸಿದ ಮೇಲೆ ಅದು ನಿಂತರೆ ಹಸಿ ಅಡಿಕೆ ನಮಗಾಗಿ ಕಾಯುವುದಿಲ್ಲ. ಆದರೆ ಮೇಸ್ತ್ರಿಯ ನೆನಪು ನಮಗಾಗುವುದು ಯಂತ್ರ ಕೆಟ್ಟಾಗ ಮಾತ್ರ. ಮಳೆಗಾಲದಲ್ಲಿ ಅವರಿಗೆ ಉಸಿರಾಡಲು ಬಿಡುವಿಲ್ಲ, ಬೇಸಿಗೆಯಲ್ಲಿ ಕೆಲಸವಿಲ್ಲ. ಹೀಗಿದ್ದರೆ ಕಲಿಯಲು ಹುಡುಗರು ಏಕೆ ಬಂದಾರು? ನಾವು ಕರೆತಂದ ಮೇಸ್ತ್ರಿಗೂ ಶಿಷ್ಯರಿಲ್ಲ. ಮಗ ಬೆಂಗಳೂರು ಸೇರಿದ್ದಾನೆ.

ಆದ್ದರಿಂದ ಸದಸ್ಯರಲ್ಲಿ ಎರಡು ಸೂಚನೆ. ಒಂದು, ಔಷಧಿಯ ಪಂಪನ್ನು ಮೇ ತಿಂಗಳಲ್ಲಿ, ಸುಲಿಯುವ ಯಂತ್ರವನ್ನು ಕೊಯ್ಲಿಗೆ ಮೊದಲೇ ಬಿಚ್ಚಿ ನೋಡಿಸಿ, ಕೂಲಿಯನ್ನು ಆಗಲೇ ಕೊಡೋಣ. ಎರಡು, ಮೇಸ್ತ್ರಿಯ ಜೊತೆ ಬರುವ ಹುಡುಗನಿಗೂ ದಿನಗೂಲಿ ಕೊಡೋಣ. ಅದು ಕಲಿಕೆಯ ಶುಲ್ಕವೆಂದು ತಿಳಿಯೋಣ. ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡುತ್ತೇವೆ. ತಪ್ಪದೆ ಬನ್ನಿ, ಮನೆಯ ಹುಡುಗರನ್ನೂ ಕರೆತನ್ನಿ.