ಮಳೆಗಾಲದಲ್ಲಿ ಹಸುಗೂಸಿನ ಬಟ್ಟೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಗೆಯುವುದು ಅಷ್ಟು ಕಷ್ಟವಲ್ಲ. ಒಗೆದದ್ದನ್ನು ಒಣಗಿಸಿ ಇಡುವುದೇ ಕಷ್ಟ. ಈ ತಿಂಗಳುಗಳಲ್ಲಿ ನಿಮ್ಮ ಮನೆಯಲ್ಲಿ ಹೆರಿಗೆಯಾಗುವುದಿದ್ದರೆ, ಮಗುವಿನ ಬಟ್ಟೆಗಳ ವಿಷಯವನ್ನು ಪತಿಪತ್ನಿಯರಿಬ್ಬರೂ ಮುಂಚಿತವಾಗಿಯೇ ಯೋಚಿಸಿರಿ. ಬಾಣಂತಿಯು ತಣ್ಣೀರು ಮುಟ್ಟಬಾರದೆನ್ನುವ ಮನೆಗಳಲ್ಲಿ ಒಗೆಯುವ ಕೆಲಸ ತಂದೆಯ ಪಾಲಿಗೆ ಬಂದರೆ ನಾಚಿಕೆಪಡುವಂಥದೇನೂ ಇಲ್ಲ.

ಮಲ, ಕಕ್ಕಿದ ಹಾಲು, ರಕ್ತ ಇವುಗಳ ಕಲೆಯನ್ನು ಮೊದಲು ತಣ್ಣೀರಿನಲ್ಲಿಯೇ ತೊಳೆಯಬೇಕು. ಹಂಡೆಯ ಬಿಸಿನೀರನ್ನು ಒಮ್ಮೆಲೇ ಸುರಿದರೆ, ಬೇಯಿಸಿದ ಮೊಟ್ಟೆಯ ಬಿಳಿಭಾಗದಂತೆ ಕಲೆಯು ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಕಲೆ ಬಿಟ್ಟ ಬಳಿಕ ಸೋಪು ಹಚ್ಚಿ ಬಿಸಿನೀರಿನಲ್ಲಿ ಒಗೆದು, ಸೋಪಿನ ಜಿಡ್ಡು ಪೂರ್ತಿ ಹೋಗುವವರೆಗೆ ಶುದ್ಧ ನೀರಿನಲ್ಲಿ ಜಾಲಿಸಿರಿ. ಮಲವನ್ನು ಶೌಚಾಲಯಕ್ಕೆ ಹಾಕಿರಿ, ಹಳ್ಳಕ್ಕೆ ಬಿಡಬೇಡಿರಿ. ಕೂಸಿನ ಮಲದಲ್ಲಿ ರೋಗಾಣುಗಳಿರುವುದಿಲ್ಲವೆಂಬ ನಂಬಿಕೆ ಸರಿಯಲ್ಲ; ಕೆಳಗಿನ ಮನೆಯವರು ಅದೇ ನೀರನ್ನು ಕೊಡಕ್ಕೆ ತುಂಬಿಕೊಳ್ಳುತ್ತಾರೆ. ತೋಟದಲ್ಲಿ ಔಷಧಿ ಸಿಂಪಡಿಸಿ ಬಂದವರ ಬಟ್ಟೆಯನ್ನು ಮಗುವಿನ ಬಟ್ಟೆಯೊಡನೆ ಎಂದಿಗೂ ನೆನೆಹಾಕಬಾರದು.

ಅರಿಶಿನದ ಕಲೆಗೆ ಸೋಪು ತಾಗಿದೊಡನೆ ಅದು ಕೆಂಪಾಗುವುದನ್ನು ಕಂಡು ಕೆಲವರು ಗಾಬರಿಗೊಳ್ಳುತ್ತಾರೆ. ಅದು ಸೋಪಿನ ಕ್ಷಾರದ ಗುಣವಷ್ಟೆ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ, ಬಿಸಿಲು ಬಿದ್ದಾಗ ಮಾಸುತ್ತದೆ. ಮಳೆಗಾಲದಲ್ಲಿ ಆ ಹಳದಿಯನ್ನು ಹಾಗೆಯೇ ಬಿಡಿ. ಅದರಿಂದ ಮಗುವಿಗೆ ಕೇಡಿಲ್ಲ.

ಕೇಡಿರುವುದು ಅರೆಒಣಗಿದ ಬಟ್ಟೆಯಲ್ಲಿ. ತೇವವು ಉಳಿದಲ್ಲಿ ಬೂಷ್ಟು ಬೆಳೆಯುತ್ತದೆ, ತೊಡೆಸಂದಿನ ಚರ್ಮ ಕೆಂಪೇರಿ ಹುಣ್ಣಾಗುತ್ತದೆ. ಬಚ್ಚಲಿನ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸುವುದಾದರೆ ಒಲೆಯ ಹೊಗೆ ಅಡಗಿದ ಮೇಲೆ ಹರವಿರಿ. ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುವ ರೂಢಿಯಿದ್ದರೆ, ಬಾಣಂತಿ ಮತ್ತು ಮಗು ಮಲಗಿರುವ ಮುಚ್ಚಿದ ಕೋಣೆಯಲ್ಲಿ ಹಾಗೆ ಮಾಡಬೇಡಿರಿ. ಕೆಂಡದಿಂದ ಹೊರಡುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೊನೆಯ ತೇವವನ್ನು ಇಸ್ತ್ರಿಯಿಂದ ತೆಗೆಯುವುದು ಉತ್ತಮ.

ಇನ್ನು ಬಟ್ಟೆಯನ್ನು ಇಡುವ ವಿಚಾರ. ಮೊದಲ ಮಗುವಿನ ಅಂಗಿ, ಟೊಪ್ಪಿಗೆ, ಕಂಬಳಿಗಳನ್ನು ಟ್ರಂಕಿನಲ್ಲಿ ಬಿಳಿಯ ನುಸಿಗುಳಿಗೆ, ಎಂದರೆ ನ್ಯಾಫ್ತಲೀನ್ ಗುಂಡುಗಳನ್ನು ಹಾಕಿ ಇಟ್ಟು, ಎರಡನೆಯ ಮಗುವಿಗೆ ಹಾಗೆಯೇ ತೆಗೆದು ತೊಡಿಸುವವರುಂಟು. ಇದು ಬಹಳ ಅಪಾಯಕರ. ಕೆಲವು ಮಕ್ಕಳ ರಕ್ತದಲ್ಲಿ ಜಿ-6-ಪಿ-ಡಿ ಎಂಬ ಕಿಣ್ವವು ಹುಟ್ಟಿನಿಂದಲೇ ಕಡಿಮೆಯಿರುತ್ತದೆ. 1956ರಲ್ಲಿ ವಿಜ್ಞಾನಿಗಳು ಗುರುತಿಸಿದ ಈ ಆನುವಂಶಿಕ ಕೊರತೆಯು ಗಂಡುಮಕ್ಕಳಲ್ಲಿ ಹೆಚ್ಚು. ನೋಡಲು ಆರೋಗ್ಯವಾಗಿರುವ ಇಂತಹ ಕೂಸಿಗೆ ನುಸಿಗುಳಿಗೆಯ ಆವಿ ತಾಗಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ. ಅತಿಯಾಗಿ ಏರಿದ ಕಾಮಾಲೆಯು ಮೆದುಳಿಗೆ ಶಾಶ್ವತ ಹಾನಿ ಮಾಡಬಲ್ಲುದು. ಎಣ್ಣೆ ಹಚ್ಚಿದ ಚರ್ಮವು ಈ ವಿಷವನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ನಮ್ಮಲ್ಲಿ ಎಣ್ಣೆ ತಿಕ್ಕದ ಕೂಸು ಎಲ್ಲಿದೆ?

ಆದುದರಿಂದ ಮಗುವಿನ ಬಟ್ಟೆಯ ಪೆಟ್ಟಿಗೆಗೆ ನುಸಿಗುಳಿಗೆಯೂ ಬೇಡ, ಕರ್ಪೂರವೂ ಬೇಡ. ಗರಿಗರಿಯಾಗಿ ಒಣಗಿದ ಬಟ್ಟೆಯನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಸಾಕು. ಈಗಾಗಲೇ ಗುಳಿಗೆಯೊಡನೆ ಇಟ್ಟಿದ್ದರೆ, ಮಳೆಗೆ ಮುನ್ನ ಏಪ್ರಿಲ್-ಮೇ ತಿಂಗಳಲ್ಲಿಯೇ ಹೊರತೆಗೆದು ಒಗೆದು, ವಾಸನೆಯು ಲೇಶವೂ ಉಳಿಯದಂತೆ ದಿನಗಟ್ಟಲೆ ಗಾಳಿ ಬಿಸಿಲಿಗೆ ಹರವಿರಿ. ವಾಸನೆ ಹೋಗದಿದ್ದರೆ ಆ ಬಟ್ಟೆಯನ್ನು ಮಗುವಿನ ಬಳಿಗೆ ತರಬೇಡಿರಿ. ಹಳೆಯ ಹತ್ತಿ ಸೀರೆಯ ತುಂಡೇ ಮೇಲು.

ಮಗುವಿನ ಕಣ್ಣು, ಮೈ ಹಳದಿಯಾಗಿ, ಹಾಲು ಕುಡಿಯದೆ ಮಂಕಾಗಿದ್ದರೆ ಅಥವಾ ಮೂತ್ರವು ಕಪ್ಪುಚಹದ ಬಣ್ಣಕ್ಕೆ ತಿರುಗಿದ್ದರೆ, ಬಿಸಿಲಿಗೆ ಹಿಡಿದು ನೋಡೋಣವೆಂದು ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ನುಸಿಗುಳಿಗೆಯೊಡನೆ ಇಟ್ಟಿದ್ದ ಬಟ್ಟೆ ತೊಡಿಸಿದ್ದರೆ ಆ ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.