ತಟ್ಟೆಯ ಗಾಲ್ಫ್: ಬೀಳು ಬಯಲಿನಲ್ಲಿ ಆರು ಗುರಿಗಳು

ಆಟದ ಬಯಲು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಪಾಟಾದ ನೆಲ. ಕ್ರಿಕೆಟ್ಟಿಗೆ 22 ಗಜಗಳ ಗಟ್ಟಿ ಪಟ್ಟಿ ಬೇಕು. ಖೊ-ಖೊ, ಕಬಡ್ಡಿಗಳಿಗೆ ಕಲ್ಲು ಆರಿಸಿ ನೀರು ಹೊಡೆದ ಅಂಗಳ ಬೇಕು. ಕುಸ್ತಿಗೆ ಹದ ಮಾಡಿದ ಮಣ್ಣು ಬೇಕು. ಕ್ರಿಕೆಟ್ಟಿನ ವಿಜಯ ಹಜಾರೆಯವರು 1915ರಲ್ಲಿ, ಬ್ಯಾಡ್ಮಿಂಟನ್ನಿನ ನಂದು ನಾಟೇಕರ ಅವರು 1933ರಲ್ಲಿ ನಮ್ಮ ಸಾಂಗಲಿಯಲ್ಲಿಯೇ ಹುಟ್ಟಿದವರೆಂದು ನಾವು ಹೆಮ್ಮೆ ಪಡುತ್ತೇವೆ. ಆದರೆ ಅವರ ಆಟಗಳಿಗೆ ಬೇಕಾದ ನೆಲ ಎಲ್ಲ ಶಾಲೆಗಳಿಗೂ ಇಲ್ಲ. ಇದ್ದಲ್ಲಿಯೂ ಅದು ಹನ್ನೊಂದು ಹುಡುಗರ ಪಾಲಾಗಿ, ಉಳಿದವರು, ಅದರಲ್ಲೂ ಹುಡುಗಿಯರು, ಗೋಡೆಯ ಬದಿಗೆ ಕುಳಿತು ನೋಡುವುದೇ ಹೆಚ್ಚು. ಹೀಗಿರುವಾಗ, ಗಿಡ, ಬದು, ಹಳ್ಳ, ದಿನ್ನೆಗಳು ಇದ್ದಷ್ಟೂ ರುಚಿ ಏರುವ ಆಟವೊಂದು ಲೋಕದಲ್ಲಿ ಇದೆ ಎಂಬುದನ್ನು ವಿದ್ಯಾರ್ಥಿ ಮಿತ್ರರಿಗೂ ಪಾಲಕರಿಗೂ ತಿಳಿಸಬೇಕೆಂದು ಈ ಲೇಖನ. ಅದರ ಹೆಸರು ಡಿಸ್ಕ್ ಗಾಲ್ಫ್. ನಾವು ಅದನ್ನು ತಟ್ಟೆಯ ಗಾಲ್ಫ್ ಎಂದು ಕರೆಯೋಣ.

ಗಾಲ್ಫ್ ಆಟದಲ್ಲಿ ಚಿಕ್ಕ ಚೆಂಡನ್ನು ಕೋಲಿನಿಂದ ಹೊಡೆಯುತ್ತ ದೂರದ ಕುಣಿಗೆ ಬೀಳಿಸಬೇಕು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆದ್ದವನು. ಅದು ನಮ್ಮ ದೇಶಕ್ಕೆ ಹೊಸತಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಆದರೆ ಹದಿನೆಂಟು ಕುಣಿಗಳ ಗಾಲ್ಫಿಗೆ ನೂರು ಎಕರೆಗೂ ಮಿಕ್ಕಿದ ಹಸಿರು ನೆಲ, ಅದಕ್ಕೆ ನಿತ್ಯ ನೀರು, ದುಬಾರಿ ಕೋಲುಗಳು ಬೇಕಾಗುವುದರಿಂದ ಅದು ನಮ್ಮ ನಿಮ್ಮ ಆಟವಾಗಲಿಲ್ಲ. ತಟ್ಟೆಯ ಗಾಲ್ಫಿನಲ್ಲಿ ಚೆಂಡಿನ ಬದಲು ಪ್ಲಾಸ್ಟಿಕ್ ತಟ್ಟೆ, ಕೋಲಿನ ಬದಲು ನಮ್ಮ ತೋಳು, ಕುಣಿಯ ಬದಲು ಕಂಬಕ್ಕೆ ಕಟ್ಟಿದ ಬುಟ್ಟಿ. ಒಂದು ಗುರಿಗೆ ಸುಮಾರು ಒಂದು ಎಕರೆ ನೆಲ ಸಾಕು. ಆ ನೆಲವನ್ನು ಮಟ್ಟ ಮಾಡುವುದೂ ಬೇಡ, ನೀರು ಹಾಯಿಸುವುದೂ ಬೇಡ.

ಇದು ಹುಟ್ಟಿದ್ದು ಅಮೇರಿಕೆಯಲ್ಲಿ. ಫ್ರೆಡ್ ಮಾರಿಸನ್ ಎಂಬವರು ಮಾಡಿದ ಪ್ಲಾಸ್ಟಿಕ್ ಹಾರುವ ತಟ್ಟೆಯನ್ನು 1957ರಲ್ಲಿ ವ್ಹಾಮ್-ಓ ಎಂಬ ಕಂಪನಿ ಮಾರಾಟಕ್ಕೆ ತಂದಿತು. ಅದೇ ಮುಂದೆ ಫ್ರಿಸ್ಬಿ ಎಂದು ಹೆಸರಾಯಿತು. ಅದೇ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಎಂಬವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಆಟದ ಹಾದಿಯನ್ನು ಹಾಕಿದರು. 1976ರಲ್ಲಿ ಆಟಗಾರರ ಸಂಘವೂ ಆಯಿತು. ಆರಂಭದಲ್ಲಿ ಗುರಿಯೆಂದರೆ ಬರಿಯ ಕಂಬ. ತಟ್ಟೆ ಕಂಬಕ್ಕೆ ತಾಕಿತು, ತಾಕಲಿಲ್ಲ ಎಂದು ಜಗಳವೋ ಜಗಳ. ಆ ಜಗಳ ತೀರಿಸಲೆಂದೇ ಹೆಡ್ರಿಕ್ ಅವರು ಕಂಬದ ಸುತ್ತ ಸರಪಳಿಗಳನ್ನು ಇಳಿಬಿಟ್ಟು, ಕೆಳಗೆ ತಂತಿಯ ಬುಟ್ಟಿ ಕಟ್ಟಿದರು. ತಟ್ಟೆ ಸರಪಳಿಗೆ ಬಡಿದು ಝಲ್ಲೆಂದು ಸದ್ದಾಗಿ ಬುಟ್ಟಿಯಲ್ಲಿ ಬಿದ್ದರೆ ಮತ್ತೆ ವಾದವಿಲ್ಲ. (ಅವರಿಗೆ ತಟ್ಟೆಯ ಹುಚ್ಚು ಎಷ್ಟಿತ್ತೆಂದರೆ, 2002ರಲ್ಲಿ ತೀರಿಕೊಂಡ ಮೇಲೆ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಬೆರೆಸಿಯೇ ಕೆಲವು ತಟ್ಟೆಗಳನ್ನು ಅಚ್ಚು ಹಾಕಿದರು!) ಇಂದು ಇಂಥ ಹಾದಿಗಳು ಜಗತ್ತಿನಲ್ಲಿ ಹದಿನೈದು ಸಾವಿರಕ್ಕೂ ಮಿಕ್ಕಿ ಇವೆ. ಹೆಚ್ಚಿನವು ಅಮೇರಿಕೆಯಲ್ಲಿಯೇ, ಫಿನ್ಲೆಂಡಿನಂಥ ಚಿಕ್ಕ ದೇಶದಲ್ಲಿಯೂ ಈ ಆಟ ಊರೂರಿಗೆ ಹಬ್ಬಿದೆ.

ತಟ್ಟೆ ಹಾರುವುದು ಹೇಗೆ? ಬುಗುರಿ ಆಡಿಸಿದವರಿಗೆ ಅರ್ಧ ಉತ್ತರ ಗೊತ್ತೇ ಇದೆ. ಗರಗರ ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ, ತಿರುಗು ಕಡಿಮೆಯಾದೊಡನೆ ವಾಲುತ್ತದೆ. ತಟ್ಟೆಯೂ ಹಾಗೆಯೇ. ತಿರುಗುವಿಕೆ ಅದನ್ನು ಮಗುಚಿ ಬೀಳದಂತೆ ಹಿಡಿದಿಡುತ್ತದೆ. ಅದರ ಉಬ್ಬಿದ ಮೈಯ ಮೇಲೆ ಹರಿಯುವ ಗಾಳಿ ವಿಮಾನದ ರೆಕ್ಕೆಯನ್ನು ಎತ್ತುವಂತೆ ಅದನ್ನು ಮೇಲಕ್ಕೆತ್ತುತ್ತದೆ. ಬಲಗೈಯವನು ಎಡಗಡೆಯಿಂದ ಕೈ ಬೀಸಿ ಎಸೆದರೆ, ವೇಗ ಕುಂದಿದಾಗ ತಟ್ಟೆ ಕೊನೆಗೆ ಎಡಕ್ಕೆ ಬಾಗಿ ಇಳಿಯುತ್ತದೆ. ಎಡಚನದು ಬಲಕ್ಕೆ ಬಾಗುತ್ತದೆ. ಈ ಒಂದು ಬಾಗನ್ನು ತಿಳಿದವನಿಗೆ ಅರ್ಧ ಆಟ ಬಂದಂತೆ. ಎದುರು ಗಾಳಿಯಲ್ಲಿ ತಟ್ಟೆ ಅತಿಯಾಗಿ ಮೇಲೇಳುತ್ತದೆ, ಆದ್ದರಿಂದ ತಗ್ಗಿಸಿ ಎಸೆಯಬೇಕು. ಬೆನ್ನ ಗಾಳಿ ಅದನ್ನು ದೂರ ಒಯ್ಯಬಲ್ಲದು. 2016ರಲ್ಲಿ ಡೇವಿಡ್ ವಿಗಿನ್ಸ್ ಎಂಬ ಯುವಕ ಅಮೇರಿಕೆಯ ನೆವಾಡಾ ಮರುಭೂಮಿಯ ಗಾಳಿಯ ಬೆನ್ನೇರಿಸಿ 338 ಮೀಟರ್ ಎಸೆದ. ನಮ್ಮ ಮಕ್ಕಳು ಆಟಿಕೆಯ ತಟ್ಟೆಯನ್ನು 25ರಿಂದ 40 ಮೀಟರ್ ಎಸೆದರೆ ಶಾಭಾಸ್ ಎನ್ನಬೇಕು.

ನಿಯಮಗಳು ಬಹಳ ಇಲ್ಲ. ಗೆರೆಯ ಹಿಂದೆ ನಿಂತು ಮೊದಲ ಎಸೆತ. ತಟ್ಟೆ ಬಿದ್ದಲ್ಲಿಂದ ಮುಂದಿನ ಎಸೆತ. ಗುರಿಯಿಂದ ಹೆಚ್ಚು ದೂರ ಇರುವವರು ಮೊದಲು ಎಸೆಯಬೇಕು. ಗುರಿ ಹತ್ತು ಮೀಟರಿನ ಒಳಗಿದ್ದರೆ ಎಸೆದ ಓಟದಲ್ಲಿಯೇ ಮುಂದೆ ನುಗ್ಗುವಂತಿಲ್ಲ, ನಿಂತು ತೋಲ ಕಾಯ್ದುಕೊಳ್ಳಬೇಕು. ಗೊತ್ತುಪಡಿಸಿದ ಗಡಿ ದಾಟಿದರೆ ಒಂದು ಎಸೆತದ ದಂಡ. ಪ್ರತಿಯೊಂದು ಗುರಿಗೂ, ಚೆನ್ನಾಗಿ ಆಡುವವರಿಗೆ ಇಷ್ಟು ಎಸೆತ ಸಾಕೆಂದು ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ಪಾರ್ ಎನ್ನುತ್ತಾರೆ. ಅಂಪೈರ್ ಇಲ್ಲ. ತನ್ನ ಲೆಕ್ಕವನ್ನು ತಾನೇ ಹೇಳಬೇಕು, ಜೊತೆಯವರು ಬರೆದುಕೊಳ್ಳಬೇಕು.

ಇನ್ನು ನಮ್ಮ ನೆಲಕ್ಕೆ ಬರೋಣ. ಮಿರಜದಿಂದ ಮೂಡಣಕ್ಕೆ ಹೋದಂತೆ ಕಬ್ಬಿನ ಎರೆ ಹೊಲಗಳು ತೆಳುವಾಗಿ ಅಲ್ಲಲ್ಲಿ ಗರಸಿನ ನೆಲ ಕಾಣಿಸಿಕೊಳ್ಳುತ್ತದೆ. ಅಂಥ ಕಡೆ ಪರಿಚಯದ ರೈತರೊಬ್ಬರ ನಾಲ್ಕು ಎಕರೆ ಬೀಳು ಹೊಲವಿದೆ. ‘ಕುರಿ ಮೇಯಲಿಕ್ಕೂ ಹುಲ್ಲಿಲ್ಲದ ಕೆಲಸಕ್ಕೆ ಬಾರದ ನೆಲ’ ಎಂದು ಅವರೇ ಅದನ್ನು ಬೈಯುತ್ತಾರೆ. ಚಳಿಗಾಲದ ಎರಡು ಭಾನುವಾರ ಅವರ ಒಪ್ಪಿಗೆ ಪಡೆದು, ಹದಿನಾಲ್ಕು ವಿದ್ಯಾರ್ಥಿಗಳು ಅಲ್ಲಿ ಆರು ಗುರಿಗಳನ್ನು ಹಾಕಿ ಆಡಿದೆವು. ಹತ್ತು ಮೀಟರಿನ ಹಗ್ಗವೇ ನಮ್ಮ ಅಳತೆಪಟ್ಟಿ. ಗುರಿಗೆ ಬಿದಿರಿನ ಗಳ. ಸರಪಳಿ ಎಲ್ಲಿಂದ ಬರಬೇಕು? ಗಳದ ಸುತ್ತ ಖಾಲಿ ಎಣ್ಣೆ ಡಬ್ಬಿಯ ತಗಡನ್ನು ಸೊಂಟದೆತ್ತರಕ್ಕೆ ಕಟ್ಟಿದೆವು. ತಗಡು ಟಣ್ ಎಂದರೆ ಆಟ ಮುಗಿಯಿತು. ಹೆಡ್ರಿಕ್ ಅವರ ಜಗಳ ನಮ್ಮಲ್ಲಿಯೂ ಹೀಗೆ ಕಿವಿಯಿಂದಲೇ ತೀರಿತು. ಸ್ಟೀಲಿನ ತಟ್ಟೆ, ಡಬ್ಬಿಯ ಲೋಹದ ಮುಚ್ಚಳಗಳನ್ನು ಯಾರೂ ಎಸೆಯಕೂಡದು. ಅಂಚು ಕತ್ತರಿಯಂತೆ ಕೊಯ್ಯುತ್ತದೆ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಆಟಿಕೆಯ ತಟ್ಟೆಯೇ ಸರಿ. ಒಂದು ಒಳ್ಳೆಯ ಕ್ರಿಕೆಟ್ ಬ್ಯಾಟಿನ ಬೆಲೆಗೆ ಇಡೀ ತಂಡಕ್ಕೆ ತಟ್ಟೆಗಳು ಬರುತ್ತವೆ.

ಆಡುವುದು ಒಂದು ಕೆಲಸ, ಆಡಿದ ಹಾದಿಯ ಬೆಲೆ ಕಟ್ಟುವುದು ಇನ್ನೊಂದು. ಎಸೆತಕ್ಕೆ ಆಯ್ಕೆ ಇದೆಯೇ, ಚಿಕ್ಕವರೂ ದೊಡ್ಡವರೂ ಒಟ್ಟಿಗೆ ಆಡಬಹುದೇ, ಬಿದ್ದ ತಟ್ಟೆ ಸಿಗುತ್ತದೆಯೇ, ಎಲ್ಲಕ್ಕಿಂತ ಮೊದಲಾಗಿ ಆಟಕ್ಕೆ ಸಂಬಂಧವಿಲ್ಲದವರಿಗೆ ಪೆಟ್ಟಾಗದೆ ಇರುತ್ತದೆಯೇ ಎಂದು ಕೇಳಿಕೊಳ್ಳುತ್ತ ಹೋದೆವು.

ಮೊದಲನೆಯ ಗುರಿ 35 ಮೀಟರ್, ನೇರ, ಅಡ್ಡಿ ಏನೂ ಇಲ್ಲ. ಪಾರ್ ಮೂರು. ಇದರಲ್ಲಿ ಸ್ವಾರಸ್ಯ ಕಡಿಮೆ, ಆದರೆ ಕೈ ಸಡಿಲವಾಗಲು ಇಂಥದೊಂದು ಮೊದಲಿಗೆ ಇರಲಿ. ಎರಡನೆಯದು ಆರರಲ್ಲಿ ಶ್ರೇಷ್ಠ. ದೂರ 50 ಮೀಟರ್. ಗೆರೆಯಿಂದ ಮೂವತ್ತು ಮೀಟರಿನ ಮೇಲೆ ನಟ್ಟನಡುವೆ ಒಂದು ಹಳೆಯ ಬೇವಿನ ಗಿಡ. ರೈತರು ಯಾವಾಗಲೋ ಕಡಿಯದೆ ಬಿಟ್ಟದ್ದು. ಬಲಗೈಯವರು ಗಿಡದ ಬಲಕ್ಕೆ ಎಸೆದರೆ, ತಟ್ಟೆ ತಾನಾಗಿ ಎಡಕ್ಕೆ ಬಾಗಿ ಗುರಿಯ ಹತ್ತಿರ ಇಳಿಯುತ್ತದೆ. ಎಡಚರಿಗೆ ಎಡಗಡೆಯೇ ಹೆದ್ದಾರಿ. ಬಲವಿಲ್ಲದವರು ಗಿಡದ ಬುಡದವರೆಗೆ ಎಸೆದು, ಎರಡನೆಯ ಎಸೆತದಲ್ಲಿ ಸುತ್ತಿ ಬರಬಹುದು. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಹೀಗೆಯೇ ಮೂರರಲ್ಲಿ ಮುಗಿಸಿದಳು. ಗಿಡದ ಮೇಲಿಂದಲೇ ಹಾರಿಸುತ್ತೇನೆಂದ ಹತ್ತನೆಯವನಿಗೆ ಆರು ಬೇಕಾದವು. ತೋಳಿನ ಬಲವಷ್ಟೇ ಗೆಲ್ಲದ ಹಾದಿಯನ್ನು ಒಳ್ಳೆಯ ಹಾದಿ ಎನ್ನಬೇಕು. ಆ ಬೇವಿನ ಗಿಡ ಇಲ್ಲದಿದ್ದರೆ ಅದು ಮೊದಲನೆಯ ಗುರಿಯ ತಮ್ಮ, ಅಷ್ಟೇ.

ಮೂರನೆಯದು 42 ಮೀಟರ್ ಇಳಿಜಾರು, ಒಣಗಿದ ಹಳ್ಳದ ಕಡೆಗೆ. ಜೋರಾಗಿ ಎಸೆದವರ ತಟ್ಟೆ ಹಳ್ಳಕ್ಕೆ ಬೀಳುತ್ತದೆ, ಒಂದು ಎಸೆತದ ದಂಡ. ಆಸೆಗೂ ಅಂಜಿಕೆಗೂ ನಡುವಿನ ಈ ತೂಗಾಟ ಚೆನ್ನಾಗಿದೆ. ಆದರೆ ಹಳ್ಳದಲ್ಲಿ ಬಳ್ಳಾರಿ ಜಾಲಿ ಒತ್ತಾಗಿ ಬೆಳೆದಿದೆ, ಮುಳ್ಳು ಚಪ್ಪಲಿಯನ್ನೂ ತೂರುತ್ತದೆ, ಪೊದೆಯಲ್ಲಿ ಹಾವು ಇರಲಾರದೆಂದು ಯಾರೂ ಹೇಳಲಾರರು. ಗುರಿಯನ್ನು ಅಂಚಿನಿಂದ ಹತ್ತು ಹೆಜ್ಜೆ ಹಿಂದಕ್ಕೆ ಸರಿಸುವುದು, ಬೂಟು ಹಾಕಿದ ದೊಡ್ಡವರೇ ಕೋಲು ಹಿಡಿದು ತಟ್ಟೆ ತೆಗೆಯುವುದು ಎಂದು ಗೊತ್ತುಮಾಡಿ ಇದಕ್ಕೆ ಪಾಸು ಮಾಡಿದೆವು.

ನಾಲ್ಕನೆಯ ಗುರಿಯ ಮೇಲೆ ದೊಡ್ಡ ಚರ್ಚೆಯೇ ಆಯಿತು. 60 ಮೀಟರ್, ಎರಡು ಬದುಗಳ ಮೇಲಿಂದ ಹಾರಿಸುವ ಅಂದವಾದ ಎಸೆತ. ಹುಡುಗರಿಗೆ ಅದೇ ಮೆಚ್ಚು. ಆದರೆ ನಡುವೆ ಒಂದು ಕಾಲುದಾರಿ ಹಾದುಹೋಗುತ್ತದೆ. ವಸತಿಯ ಹೆಣ್ಣುಮಕ್ಕಳು ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತು ಆ ದಾರಿಯಲ್ಲಿಯೇ ಬರುತ್ತಾರೆ, ಕುರಿಯವರೂ ಬರುತ್ತಾರೆ. ಬದುವಿನ ಮರೆಯಿಂದ ಎಸೆಯುವವನಿಗೆ ಅವರು ಕಾಣುವುದಿಲ್ಲ. ಹೊರೆ ಹೊತ್ತವರು ಸರ್ರನೆ ತಲೆ ತಗ್ಗಿಸಲೂ ಆರರು. ಆಟದ ಪೂರ್ಣ ತೂಕದ ತಟ್ಟೆ 150ರಿಂದ 175 ಗ್ರಾಂ ಇರುತ್ತದೆ, ಕಣ್ಣಿಗೆ ಬಡಿದರೆ ಕಣ್ಣು ಹೋದೀತು. ‘ಒಬ್ಬನನ್ನು ಬದುವಿನ ಮೇಲೆ ಕಾವಲು ನಿಲ್ಲಿಸೋಣ’ ಎಂದರು ಕೆಲವರು. ಕಾವಲಿನವನ ಗಮನ ಆಟದ ಕಡೆಗೇ ಇರುತ್ತದೆಂದು ಒಬ್ಬ ಹುಡುಗಿ ಹೇಳಿದ್ದು ಎಲ್ಲರ ಬಾಯಿ ಮುಚ್ಚಿಸಿತು. ದಾರಿ ಮೊದಲಿನಿಂದ ಅವರದು, ಆಟ ನಿನ್ನೆಯದು. ಗುರಿಯನ್ನು ಕಿತ್ತು ದಾರಿಗೆ ಸಮಾನವಾಗಿ ತಿರುಗಿಸಿದಾಗ ಅದು ಒಂದೇ ಬದುವಿನ ಸಾಧಾರಣ ಎಸೆತವಾಗಿ ಉಳಿಯಿತು. ಆಗಲಿ.

ಐದನೆಯದು ಬರಿಯ 28 ಮೀಟರ್, ಆದರೆ ಗರಸಿನ ದಿನ್ನೆಯ ನೆತ್ತಿಯ ಮೇಲೆ. ತಪ್ಪಿದ ತಟ್ಟೆ ಅಂಚಿನ ಮೇಲೆ ನಿಂತು ಗಾಲಿಯಂತೆ ಉರುಳುತ್ತ ಎಸೆದವನ ಕಾಲ ಬುಡಕ್ಕೇ ಬಂದು ಮಲಗುತ್ತದೆ. ನಕ್ಕು ಸುಸ್ತಾದೆವು. ಆರನೆಯದು 75 ಮೀಟರ್, ಪಡುವಣಕ್ಕೆ, ಪಾರ್ ನಾಲ್ಕು. ಚಳಿಗಾಲದಲ್ಲಿ ಸುಲಭ. ಮುಂಗಾರಿನ ಪಡುವಣ ಗಾಳಿ ಬೀಸತೊಡಗಿದರೆ ಅದೇ ಗುರಿ ಎರಡರಷ್ಟು ಉದ್ದವಾದೀತು. ನಮ್ಮ ಜಿಲ್ಲೆಯ ಢಾಲಗಾಂವದ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲವಷ್ಟೆ! ಸಂಜೆ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುವುದು ಇದರ ದೋಷ. ಮುಂಜಾನೆ ಆಡುವುದೇ ಲೇಸು. ಐದು ಗುರಿಗಳಿಗೆ ಮೂರು ಮೂರು, ಕೊನೆಯದಕ್ಕೆ ನಾಲ್ಕು, ಒಟ್ಟು ಪಾರ್ 19. ಎರಡು ಭಾನುವಾರಗಳಲ್ಲಿ ನಮ್ಮಲ್ಲಿ ಯಾರೂ 23ಕ್ಕಿಂತ ಕೆಳಗೆ ಇಳಿಯಲಿಲ್ಲ.

ಬೇರೆ ಜಾಗಗಳಲ್ಲಿ ಆಡಬಾರದೇ ಎಂದು ಪಾಲಕರು ಕೇಳಬಹುದು. ಸಾಂಗಲಿಯ ಕೃಷ್ಣೆಯ ದಂಡೆ ಚೆಲುವಾದದ್ದೇನೋ ನಿಜ. ಆದರೆ ಘಾಟಿನ ಬಳಿ ಜನ ಹೆಚ್ಚು, ನದಿಗೆ ಬಿದ್ದ ತಟ್ಟೆಯ ಹಿಂದೆ ಮಗು ಇಳಿದರೆ ಗತಿಯೇನು? 2005, 2019, 2021ರ ಮಹಾಪೂರಗಳಲ್ಲಿ ಆ ನದಿ ಊರೊಳಗೇ ಬಂದುದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ದಂಡೋಬಾ ಗುಡ್ಡದ ಏರಿಳಿತಗಳನ್ನು ನೋಡಿದರೆ ಈ ಆಟಕ್ಕೆಂದೇ ಮಾಡಿದಂತಿದೆ. ಆದರೆ ಅದು ಅರಣ್ಯ, ದೇವರ ಸ್ಥಳ. ಅಲ್ಲಿ ಕಂಬ ನೆಡುವುದಾಗಲಿ, ಗಿಡಕ್ಕೆ ಮೊಳೆ ಹೊಡೆಯುವುದಾಗಲಿ ನಮ್ಮ ಹಕ್ಕಲ್ಲ. ಶಾಲೆಯ ಅಂಗಳದಲ್ಲಿ ಶಾಲೆ ಬಿಟ್ಟ ಮೇಲೆ ಗೋಡೆಯ ಉದ್ದಕ್ಕೆ ಎರಡು ಮೂರು ಗುರಿ ಹಾಕಬಹುದು, ಕಲಿಯುವವರಿಗೆ ಅಷ್ಟು ಸಾಕು. ನಿಜವಾದ ಹಾದಿ ಬೇಕೆಂದರೆ ಯಾರೂ ಬೇಡವೆನ್ನುವ ಇಂಥ ಬೀಳು ನೆಲವನ್ನೇ ಹುಡುಕಬೇಕು. ಅದು ಊರ ಸುತ್ತ ಇನ್ನೂ ಇದೆ, ಆದರೆ ಪ್ರತಿವರ್ಷ ನಿವೇಶನಗಳ ಕಲ್ಲು ನೆಡುತ್ತ ನೆಡುತ್ತ ಕಡಿಮೆಯಾಗುತ್ತಿದೆ.

ಆಡಲು ಹೋಗುವವರು ಮೊದಲು ಹೊಲದ ಯಜಮಾನರ ಒಪ್ಪಿಗೆ ಕೇಳಬೇಕು. ಎಲ್ಲರೂ ಎಸೆಯುವವನ ಹಿಂದೆ ನಿಲ್ಲಬೇಕು. ಮುಂದಿನ ತಂಡ ಗುರಿ ಬಿಟ್ಟು ಸರಿಯುವವರೆಗೆ ಹಿಂದಿನವರು ತಟ್ಟೆ ಎತ್ತಬಾರದು. ಆಟ ಮುಗಿದ ದಿನ ಗಳಗಳನ್ನು ಕಿತ್ತು, ನೆಟ್ಟ ಕುಣಿಗಳನ್ನು ಮಣ್ಣು ತುಂಬಿ ತುಳಿದು ಬರಬೇಕು. ಹಾಗೆಯೇ ಬಿಟ್ಟರೆ ನಾಳೆ ಅಲ್ಲಿ ಹಾಯುವ ಎತ್ತಿನ ಕಾಲು ಮುರಿಯುತ್ತದೆ.